ಮೀಸೆ ಮಣ್ಣಾದರೂ ಮಾಸದ ಘನತೆ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಕನ್ನಡಿಗರಿಗೆ ಹೊಸತಲ್ಲ. ಅಖಾಡದಲ್ಲಿ ಅಂಗಾತ ಬಿದ್ದವನೂ ತಾನು ಸೋತಿಲ್ಲವೆಂದು ವಾದಿಸುತ್ತಾನೆ ಎಂಬುದು ಅದರ ಕೊಂಕು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬುದು ಇದರ ಒಡಹುಟ್ಟು. ಒಬ್ಬ ಸೋಲನ್ನೇ ಅಲ್ಲಗಳೆಯುತ್ತಾನೆ. ಇನ್ನೊಬ್ಬಳು ಸೋಲಿನ ಹೊಣೆಯನ್ನು ಬೇರೆಡೆಗೆ ದಾಟಿಸುತ್ತಾಳೆ. ಸೋಲನ್ನು ನೇರವಾಗಿ ಒಪ್ಪಿಕೊಳ್ಳುವುದು ಮನುಷ್ಯನಿಗೆ ಎಷ್ಟು ಕಷ್ಟವೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಈ ಎರಡು ದಾರಿಗಳೂ ಅಷ್ಟು ಸುಲಭವಾಗಿ ಸಿಗದ ಆಟವೊಂದಿದ್ದರೆ ಅದು ಟೆನಿಸ್. ಕ್ರಿಕೆಟ್ ತಂಡದ ನಾಯಕ ಸೋಲನ್ನು ಹತ್ತು ಮಂದಿಯೊಡನೆ ಹಂಚಿಕೊಳ್ಳಬಹುದು. ಫುಟ್‌ಬಾಲ್‌ನಲ್ಲಿ ಗಡಿಯಾರ ನೋಡುತ್ತಾ ಕಾಲ ತಳ್ಳಿ ಸಮ ಮಾಡಿಕೊಳ್ಳಬಹುದು. ಟೆನಿಸ್‌ನ ಸಿಂಗಲ್ಸ್ ಆಟದಲ್ಲಿ ಜೊತೆಗಾರನಿಲ್ಲ, ಡ್ರಾ ಇಲ್ಲ, ಕಾಪಾಡುವ ಗಡಿಯಾರವೂ ಇಲ್ಲ. ಗಾಯಗೊಂಡು ಹಿಂದೆ ಸರಿದರೆ ಬೇರೆ ಮಾತು. ಇಲ್ಲವಾದರೆ ಕೊನೆಯ ಪಾಯಿಂಟನ್ನೂ ಆಡಿಯೇ ತೀರಬೇಕು. ಅದಾದ ಮೇಲೆ ಸೋತವರು ಬಲೆಯ ಬಳಿಗೆ ನಡೆದು ಬಂದು, ತಮ್ಮನ್ನು ಆಗಷ್ಟೇ ಸೋಲಿಸಿದವರ ಕೈ ಕುಲುಕಬೇಕು. ಫೈನಲ್ ಆಗಿದ್ದರಂತೂ ಬೆವರು ಆರುವ ಮೊದಲೇ ಧ್ವನಿವರ್ಧಕದ ಮುಂದೆ ನಿಂತು, ಸಾವಿರಾರು ಜನರ ಎದುರು ಎದುರಾಳಿಯನ್ನು ಅಭಿನಂದಿಸಬೇಕು. ಮಾತನಾಡುವ ಸರದಿ ಸಾಮಾನ್ಯವಾಗಿ ಮೊದಲು ಬರುವುದೂ ಸೋತವರಿಗೇ.

ಇನ್ನು ಲೆಕ್ಕಾಚಾರ. ಗ್ರ್ಯಾಂಡ್ ಸ್ಲಾಂ ಟೂರ್ನಿಯೊಂದರ ಸಿಂಗಲ್ಸ್ ವಿಭಾಗದಲ್ಲಿ 128 ಆಟಗಾರರು ಇರುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಅವರಲ್ಲಿ 127 ಮಂದಿ ಸೋಲುಂಡಿರುತ್ತಾರೆ. ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಮಾತನಾಡುತ್ತಾ ತಮ್ಮದೇ ಲೆಕ್ಕವನ್ನು ಬಿಚ್ಚಿಟ್ಟರು. ಅವರು ಆಡಿದ ಸಿಂಗಲ್ಸ್ ಪಂದ್ಯಗಳು 1526. ಅವುಗಳಲ್ಲಿ ಶೇಕಡ 80ರಷ್ಟನ್ನು ಗೆದ್ದವರು, ಆಡಿದ ಪಾಯಿಂಟ್‌ಗಳಲ್ಲಿ ಗೆದ್ದದ್ದು ಕೇವಲ ಶೇಕಡ 54. ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರೆನಿಸಿದವರೂ ಸರಿಸುಮಾರು ಪ್ರತಿ ಎರಡನೆಯ ಪಾಯಿಂಟನ್ನು ಕಳೆದುಕೊಂಡವರೇ. ಹಾಗಾಗಿ ಸೋಲು ಈ ವೃತ್ತಿಯಲ್ಲಿ ನಿತ್ಯದ ಸಂಗತಿ. ಅದನ್ನು ಹೇಗೆ ಹೊರಬೇಕೆಂಬುದನ್ನು ಕಲಿಯುವುದು ಸರ್ವ್ ಮಾಡಲು ಕಲಿತಷ್ಟೇ ಅಗತ್ಯ.

ಕ್ಲಬ್ಬಿನ ಶಿಷ್ಟಾಚಾರ

ವಿಂಬಲ್ಡನ್ ಟೂರ್ನಿ ಆರಂಭವಾದದ್ದು 1877ರಲ್ಲಿ. ಅಂದಿನ ಆಟಗಾರರು ಬಹುಮಟ್ಟಿಗೆ ಅನುಕೂಲಸ್ಥರು. ಆಟ ಅವರಿಗೆ ಹೊಟ್ಟೆಪಾಡಾಗಿರಲಿಲ್ಲ. ಮಧ್ಯಾಹ್ನ ಸೋತವರು ಸಂಜೆ ಗೆದ್ದವರ ಜೊತೆ ಅದೇ ಕ್ಲಬ್ಬಿನಲ್ಲಿ ಚಹಾ ಕುಡಿಯಬೇಕಿತ್ತು. ಅಂಥಲ್ಲಿ ಮುಖ ಗಂಟಿಕ್ಕಿಕೊಳ್ಳುವುದು, ತೀರ್ಪುಗಾರರೊಡನೆ ಜಗಳ ತೆಗೆಯುವುದು ಕೀಳು ಅಭಿರುಚಿ ಎನಿಸಿಕೊಳ್ಳುತ್ತಿತ್ತು. ಸೆಂಟರ್ ಕೋರ್ಟ್‌ಗೆ ಆಟಗಾರರು ಪ್ರವೇಶಿಸುವ ಬಾಗಿಲಿನ ಮೇಲೆ ಇಂದಿಗೂ ರಡ್ಯಾರ್ಡ್ ಕಿಪ್ಲಿಂಗ್ ಅವರ ‘ಇಫ್’ ಕವಿತೆಯ ಎರಡು ಸಾಲುಗಳಿವೆ. ಗೆಲುವು, ಸೋಲುಗಳನ್ನು ಸಮಚಿತ್ತದಿಂದ ಕಾಣಬೇಕೆಂಬುದು ಅವುಗಳ ಆಶಯ.

ಕಳೆದುಕೊಳ್ಳುವುದು ಏನೂ ಇಲ್ಲದವರಿಗೆ ಸೋಲಿನಲ್ಲಿ ಘನತೆ ತೋರುವುದು ಏನು ಮಹಾ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಕಾಲದಲ್ಲೇ ಜರ್ಮನಿಯ ಗಾಟ್‌ಫ್ರೀಡ್ ಫಾನ್ ಕ್ರಾಮ್ ಅವರಂಥವರೂ ಇದ್ದರು.

ಕ್ರಾಮ್ ಉಳ್ಳವರ ಮನೆತನದವರು ನಿಜ. ಆದರೆ ಅವರು ಆಡುತ್ತಿದ್ದುದು ಹಿಟ್ಲರನ ಜರ್ಮನಿಯ ಪರವಾಗಿ. ಅಲ್ಲಿನ ಆಳರಸರಿಗೆ ಬೇಕಿದ್ದುದು ಗೆಲುವು. ಒಳ್ಳೆಯ ಸೋಲಿಗೆ ಅಲ್ಲಿ ಬೆಲೆಯಿರಲಿಲ್ಲ. 1935ರಲ್ಲಿ ಅಮೆರಿಕದ ವಿರುದ್ಧ ಡೇವಿಸ್ ಕಪ್ ಡಬಲ್ಸ್ ಪಂದ್ಯ ಗೆಲುವಿನ ಅಂಚಿನಲ್ಲಿತ್ತು. ಕ್ರಾಮ್ ಅವರ ಜೊತೆಗಾರ ಚೆಂಡನ್ನು ಹೊಡೆದು ಪಂದ್ಯ ಮುಗಿಸಿದಂತೆಯೇ ಕಂಡಿತು. ಅಷ್ಟರಲ್ಲಿ ಕ್ರಾಮ್ ಅಂಪೈರ್ ಬಳಿ ಹೋಗಿ, ಚೆಂಡು ತಮ್ಮ ರಾಕೆಟ್ಟಿಗೂ ಸವರಿಹೋಯಿತೆಂದು ತಿಳಿಸಿದರು. ಬೇರಾರೂ ಅದನ್ನು ಗಮನಿಸಿರಲಿಲ್ಲ. ಪಾಯಿಂಟ್ ಹೋಯಿತು, ಪಂದ್ಯವೂ ಹೋಯಿತು.

1935, 1936, 1937ರಲ್ಲಿ ಸತತ ಮೂರು ಬಾರಿ ಅವರು ವಿಂಬಲ್ಡನ್ ಫೈನಲ್‌ನಲ್ಲಿ ಸೋತರು. 1936ರಲ್ಲಿ ಸ್ನಾಯುನೋವಿನಿಂದ ಓಡಲಾರದೆ ಫ್ರೆಡ್ ಪೆರ್ರಿ ಅವರಿಗೆ 6-1, 6-1, 6-0ರಿಂದ ಶರಣಾದಾಗ, ಚೆನ್ನಾಗಿ ಆಡಲಾಗಲಿಲ್ಲವೆಂದು ಪ್ರೇಕ್ಷಕರ ಕ್ಷಮೆ ಕೇಳಿದರು. 1937ರ ಡೇವಿಸ್ ಕಪ್‌ನಲ್ಲಿ ಅಮೆರಿಕದ ಡಾನ್ ಬಜ್ ವಿರುದ್ಧ ಮೊದಲ ಎರಡು ಸೆಟ್ ಗೆದ್ದು, ಐದನೆಯ ಸೆಟ್‌ನಲ್ಲಿ 4-1ರಿಂದ ಮುಂದಿದ್ದು, ಕೊನೆಗೆ 8-6ರಲ್ಲಿ ಸೋತರು. ಆಗಲೂ ಅವರ ಬಾಯಿಂದ ಬಂದದ್ದು ಎದುರಾಳಿಯ ಆಟದ ಹೊಗಳಿಕೆಯೇ. ನಾಜಿ ಪಕ್ಷವನ್ನು ಸೇರದ ಕ್ರಾಮ್ ಅವರನ್ನು ಮರುವರ್ಷ ಸಲಿಂಗ ಸಂಬಂಧದ ಆರೋಪ ಹೊರಿಸಿ ಬಂಧಿಸಲಾಯಿತು. ಆಗ ಅವರ ಪರವಾಗಿ ಹಿಟ್ಲರನಿಗೆ ಪ್ರತಿಭಟನೆಯ ಪತ್ರ ಬರೆದ ಕ್ರೀಡಾಪಟುಗಳಲ್ಲಿ ಅವರನ್ನು ಸೋಲಿಸಿದ್ದ ಅದೇ ಡಾನ್ ಬಜ್ ಮುಂದಾಳು. ಬಲೆಯ ಬಳಿ ಕುಲುಕಿದ ಕೈ ಬರೀ ಶಿಷ್ಟಾಚಾರವಾಗಿರಲಿಲ್ಲ.

ಹಣ ಬಂತು, ಕಟ್ಟಳೆ ಬಂತು

1968ರಲ್ಲಿ ವೃತ್ತಿಪರರಿಗೂ ದೊಡ್ಡ ಟೂರ್ನಿಗಳ ಬಾಗಿಲು ತೆರೆಯಿತು. ಆ ವರ್ಷ ವಿಂಬಲ್ಡನ್ ಗೆದ್ದ ರಾಡ್ ಲೇವರ್ ಅವರಿಗೆ ಸಿಕ್ಕಿದ್ದು 2000 ಪೌಂಡ್. 2025ರಲ್ಲಿ ಸಿಂಗಲ್ಸ್ ಚಾಂಪಿಯನ್‌ಗೆ ಸಂದದ್ದು 30 ಲಕ್ಷ ಪೌಂಡ್. ಫೈನಲ್‌ನಲ್ಲಿ ಸೋತವರಿಗೆ 15 ಲಕ್ಷ 20 ಸಾವಿರ. ಕೊನೆಯ ಒಂದು ಪಂದ್ಯದ ಸೋಲಿನ ಬೆಲೆ ಸುಮಾರು 15 ಲಕ್ಷ ಪೌಂಡ್! ಇಷ್ಟು ಹಣ ಕಣದಲ್ಲಿದ್ದಾಗ ಕ್ಲಬ್ಬಿನ ಅಲಿಖಿತ ನಡವಳಿಕೆ ಸಾಕಾಗಲಿಲ್ಲ.

ರೊಮೇನಿಯದ ಇಲಿ ನಸ್ತಾಸೆ 1970ರ ದಶಕದಲ್ಲಿ ತಮ್ಮ ಕೀಟಲೆ, ಕಿರಿಕಿರಿಗಳಿಂದ ಎದುರಾಳಿಗಳ ಸಹನೆಯನ್ನು ಪರೀಕ್ಷಿಸಿದವರು. 1975ರಲ್ಲಿ ಸ್ಟಾಕ್‌ಹೋಮ್‌ನ ಮಾಸ್ಟರ್ಸ್ ಟೂರ್ನಿಯಲ್ಲಿ, ಸೌಮ್ಯತೆಗೆ ಹೆಸರಾಗಿದ್ದ ಆರ್ಥರ್ ಆಶ್ ಗೆಲುವಿನ ಹಾದಿಯಲ್ಲಿದ್ದರೂ ಇನ್ನು ಸಾಕೆಂದು ಅಂಕಣ ಬಿಟ್ಟು ಹೊರನಡೆದರು. ಪಂದ್ಯವನ್ನು ಕೊನೆಗೆ ಆಶ್ ಅವರಿಗೇ ಕೊಡಲಾಯಿತು. ನಸ್ತಾಸೆ ಹೂಗುಚ್ಛ ಹಿಡಿದು ಬಂದು ರಾಜಿಯಾದರು. ಆದರೆ ಎಲ್ಲ ಜಗಳಗಳೂ ಹೂವಿನಿಂದ ಮುಗಿಯುವುದಿಲ್ಲ. ಮೊದಲು ಎಚ್ಚರಿಕೆ, ಬಳಿಕ ಪಾಯಿಂಟ್ ಕಡಿತ, ಆಮೇಲೆ ಗೇಮ್ ಕಡಿತ ಅಥವಾ ಹೊರದೂಡುವಿಕೆ ಎಂಬ ದಂಡನೆಯ ಮೆಟ್ಟಿಲುಗಳು ಕ್ರಮೇಣ ರೂಪುಗೊಂಡವು. 1990ರ ಆಸ್ಟ್ರೇಲಿಯಾ ಓಪನ್‌ನಲ್ಲಿ ಮೈಕೆಲ್ ಪೆರ್ನ್‌ಫೋರ್ಸ್ ವಿರುದ್ಧದ ಪಂದ್ಯದ ನಡುವೆಯೇ ಜಾನ್ ಮೆಕೆನ್ರೊ ಅವರನ್ನು ಹೊರಹಾಕಲಾಯಿತು. ಆಗಷ್ಟೇ ಒಂದು ಮೆಟ್ಟಿಲು ಕಡಿಮೆಯಾಗಿದ್ದುದು ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಕಟ್ಟಳೆಗಳು ಒಂದು ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ರಾಕೆಟ್ ಮುರಿದರೆ ದಂಡ, ಬೈದರೆ ದಂಡ. ಆದರೆ ಕೆಟ್ಟದ್ದಕ್ಕೆ ಶಿಕ್ಷೆ ಕೊಡಬಲ್ಲ ನಿಯಮ ಒಳ್ಳೆಯದನ್ನು ಮಾಡಿಸಲಾರದು. ಕೈ ಕುಲುಕುವಾಗ ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂದು ಯಾವ ಕಟ್ಟಳೆಯೂ ಹೇಳದು.

ಗೆಲುವಿಗೂ ಬೇಕು ಸಾಕ್ಷಿ

ಸೋತವರ ಘನತೆಯನ್ನು ಅವರ ಸ್ವಂತದ ಸದ್ಗುಣವೆಂದೇ ಹೆಚ್ಚಾಗಿ ವರ್ಣಿಸಲಾಗುತ್ತದೆ. ಅದು ಅರ್ಧ ಸತ್ಯ. ಉಳಿದರ್ಧ ಗೆದ್ದವರಿಗೆ ಸೇರಿದ್ದು. ಎದುರಾಳಿ ಎಷ್ಟು ಚೆನ್ನಾಗಿ ಆಡಿದರೆಂಬುದನ್ನು ಬಲೆಯ ಆ ಬದಿಯಲ್ಲಿ ನಿಂತು ಅನುಭವಿಸಿದವರು ಒಬ್ಬರೇ: ಸೋತವರು. ಗೆಲುವಿಗೆ ಅವರೇ ಹತ್ತಿರದ ಸಾಕ್ಷಿ. ಅವರು ಸಾಕ್ಷಿ ನುಡಿಯದಿದ್ದರೆ ಗೆಲುವಿನಲ್ಲೇ ಏನೋ ಕೊರತೆ ಉಳಿದುಬಿಡುತ್ತದೆ.

ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಎಂದರೆ ಮಂಜುಗಡ್ಡೆಯಂಥ ಶಾಂತಿಗೆ ಹೆಸರು. 1981ರ ಅಮೆರಿಕ ಓಪನ್ ಫೈನಲ್‌ನಲ್ಲಿ ಅವರು ಮೆಕೆನ್ರೊ ಅವರಿಗೆ ಸೋತರು. ಆ ಟೂರ್ನಿಯ ಫೈನಲ್‌ನಲ್ಲಿ ಅದು ಅವರ ನಾಲ್ಕನೆಯ ಸೋಲು. ಕೈ ಕುಲುಕಿದವರೇ ಬಹುಮಾನ ಸಮಾರಂಭಕ್ಕೂ ನಿಲ್ಲದೆ ಹೊರಟುಹೋದರು. ಮುಂದೆ ಅವರು ಇನ್ನೊಂದು ಗ್ರ್ಯಾಂಡ್ ಸ್ಲಾಂ ಆಡಲಿಲ್ಲ. ಆ ದಿನ ಪ್ರಶಸ್ತಿ ಹಿಡಿದು ನಿಂತ ಮೆಕೆನ್ರೊ ಅವರ ಪಕ್ಕದಲ್ಲಿ ಎದುರಾಳಿಯ ಜಾಗ ಖಾಲಿಯಿತ್ತು. ಮಹಾ ಒರಟನೆಂದು ಹೆಸರಾದವರು ವೇದಿಕೆಯಲ್ಲಿದ್ದರು, ಮಹಾ ಸಂಯಮಿ ಅಲ್ಲಿರಲಿಲ್ಲ. ಮೌನವೇ ಘನತೆಯಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

1999ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ 18 ವರ್ಷದ ಮಾರ್ಟಿನಾ ಹಿಂಗಿಸ್, ಒಂದು ಚೆಂಡಿನ ಗುರುತನ್ನು ತೋರಿಸಲು ಬಲೆ ದಾಟಿ ಸ್ಟೆಫಿ ಗ್ರಾಫ್ ಅವರ ಅಂಕಣಕ್ಕೇ ಹೋದರು. ಪಾಯಿಂಟ್ ಕಡಿತವಾಯಿತು. ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. ಮೊದಲ ಸೆಟ್ ಗೆದ್ದಿದ್ದ ಹಿಂಗಿಸ್ 4-6, 7-5, 6-2ರಿಂದ ಸೋತು ಒಳಗೆ ಓಡಿದರು. ಕಡೆಗೆ ತಾಯಿಯೇ ಮಗಳನ್ನು ಕರೆದುತಂದು ಸಮಾರಂಭದಲ್ಲಿ ನಿಲ್ಲಿಸಬೇಕಾಯಿತು. ಅಳುತ್ತಲೇ ಆದರೂ ಬಂದು ನಿಂತರಲ್ಲ, ಅಷ್ಟರ ಮಟ್ಟಿಗೆ ಗ್ರಾಫ್ ಅವರ ಗೆಲುವು ತುಂಬಿಕೊಂಡಿತು.

2018ರ ಅಮೆರಿಕ ಓಪನ್ ಇನ್ನೂ ಕಹಿ. ಜಪಾನಿನ 20 ವರ್ಷದ ನವೊಮಿ ಒಸಾಕಾ ತಮ್ಮ ಬಾಲ್ಯದ ಆದರ್ಶವಾಗಿದ್ದ ಸೆರೆನಾ ವಿಲಿಯಮ್ಸ್ ಅವರನ್ನು 6-2, 6-4ರಿಂದ ಮಣಿಸಿದರು. ಆದರೆ ಸೆರೆನಾ ಮತ್ತು ಅಂಪೈರ್ ನಡುವಿನ ಜಗಳ ಪಂದ್ಯವನ್ನೇ ನುಂಗಿಹಾಕಿತ್ತು. ತರಬೇತುದಾರನ ಸನ್ನೆ, ರಾಕೆಟ್ ಮುರಿದದ್ದು, ಅಂಪೈರನ್ನು ನಿಂದಿಸಿದ್ದು ಎಂದು ಮೂರು ಬಾರಿ ದಂಡನೆ. ಕೊನೆಯದಕ್ಕೆ ಇಡೀ ಗೇಮ್ ಹೋಯಿತು. ಗಂಡಸರಾಗಿದ್ದರೆ ಇಷ್ಟು ಬಿಗಿ ಮಾಡುತ್ತಿದ್ದರೇ ಎಂಬ ಸೆರೆನಾ ಅವರ ಪ್ರಶ್ನೆ ಆಮೇಲೂ ಬಹುಕಾಲ ಚರ್ಚೆಯಾಯಿತು. ಆದರೆ ಆ ಸಂಜೆ ವೇದಿಕೆಯ ಮೇಲೆ, ಜನರ ಕೂಗಾಟದ ನಡುವೆ ಮುಖ ಮುಚ್ಚಿಕೊಂಡು ಅತ್ತವರು ಗೆದ್ದವರು. ಅದನ್ನು ಕಂಡ ಸೆರೆನಾ ಒಸಾಕಾ ಅವರ ಹೆಗಲ ಮೇಲೆ ಕೈಹಾಕಿದರು; ಇನ್ನು ಕೂಗಬೇಡಿರೆಂದು ಜನರನ್ನು ಕೇಳಿಕೊಂಡರು. ತಡವಾಗಿಯಾದರೂ ಬಂದ ಆ ಮಾತಿನ ಬೆಲೆ ಕಡಿಮೆಯಲ್ಲ. ಗೆಲುವನ್ನು ಗೆದ್ದವರಿಗೆ ಮರಳಿಸಲು ಆ ಅಂಗಳದಲ್ಲಿ ಬೇರೆ ಯಾರಿಗೂ ಸಾಧ್ಯವಿರಲಿಲ್ಲ.

ಕಣ್ಣೀರು ತಪ್ಪೇ?

ಹಾಗಾದರೆ ಸೋತವರು ನೋವನ್ನು ನುಂಗಿಕೊಂಡು ನಗಬೇಕೆ? ಹಾಗೇನಿಲ್ಲ. 1993ರ ವಿಂಬಲ್ಡನ್ ಫೈನಲ್‌ನಲ್ಲಿ ಜೆಕ್ ಆಟಗಾರ್ತಿ ಯಾನಾ ನೊವೊಟ್ನಾ ಕೊನೆಯ ಸೆಟ್‌ನಲ್ಲಿ ಗ್ರಾಫ್ ವಿರುದ್ಧ 4-1ರಿಂದ ಮುಂದಿದ್ದರು. 5-1 ಆಗಲು ಒಂದೇ ಪಾಯಿಂಟ್ ಬೇಕಿದ್ದಾಗ ಡಬಲ್ ಫಾಲ್ಟ್ ಮಾಡಿದರು. ಅಲ್ಲಿಂದ ಕೈ ನಡುಗಿತು. ಸತತ ಐದು ಗೇಮ್‌ಗಳು ಕೈಬಿಟ್ಟವು. ಬಹುಮಾನ ನೀಡಲು ಬಂದಿದ್ದ ಕೆಂಟ್‌ನ ಡಚೆಸ್ ಅವರ ಭುಜಕ್ಕೊರಗಿ ನೊವೊಟ್ನಾ ಬಿಕ್ಕಿದ ದೃಶ್ಯವನ್ನು ಜಗತ್ತೇ ಕಂಡಿತು. ಆದರೆ ಅವರು ದೂರಿದ್ದು ಯಾರನ್ನೂ ಅಲ್ಲ. 1997ರ ಫೈನಲ್‌ನಲ್ಲಿ ಹಿಂಗಿಸ್ ಅವರಿಗೆ ಮತ್ತೆ ಸೋತರು. 1998ರಲ್ಲಿ ನಟಾಲಿ ತೋಜಿಯಾ ಅವರನ್ನು ಸೋಲಿಸಿ ಕೊನೆಗೂ ಗೆದ್ದಾಗ ಬೆಳ್ಳಿತಟ್ಟೆಯನ್ನು ಅವರ ಕೈಗಿತ್ತವರು ಅದೇ ಡಚೆಸ್. ನೊವೊಟ್ನಾ 2017ರಲ್ಲಿ ತೀರಿಕೊಂಡಾಗ ಲೋಕ ನೆನೆದದ್ದು ಆ ತಟ್ಟೆಯಷ್ಟೇ ಆ ಕಣ್ಣೀರನ್ನೂ.

2009ರ ಆಸ್ಟ್ರೇಲಿಯಾ ಓಪನ್ ಫೈನಲ್‌ನಲ್ಲಿ ಐದು ಸೆಟ್‌ಗಳ ಬಳಿಕ ರಫೇಲ್ ನಡಾಲ್ ಅವರಿಗೆ ಸೋತ ಫೆಡರರ್ ಮಾತು ಹೊರಡದೆ ಅತ್ತರು. ಗೆದ್ದ ನಡಾಲ್ ಸಂಭ್ರಮಿಸುವ ಬದಲು ಅವರ ಕೊರಳಿಗೆ ತೋಳು ಬಳಸಿ ಸಂತೈಸಿದರು. ಫೆಡರರ್ ಮತ್ತೆ ಧ್ವನಿವರ್ಧಕದ ಬಳಿ ಬಂದು, ಈ ಗೆಲುವಿಗೆ ನಡಾಲ್ ಅರ್ಹರೆಂದು ಹೇಳಿ ಮಾತು ಮುಗಿಸಿದರು. 2025ರ ವಿಂಬಲ್ಡನ್‌ನಲ್ಲಿ ಅಮೆರಿಕದ ಅಮಾಂಡಾ ಅನಿಸಿಮೊವಾ ಅವರ ಸ್ಥಿತಿ ಇದಕ್ಕಿಂತ ದಾರುಣ. ಇಗಾ ಸ್ವಿಯಾಟೆಕ್ ವಿರುದ್ಧದ ಫೈನಲ್‌ನಲ್ಲಿ 57 ನಿಮಿಷಗಳಲ್ಲಿ 6-0, 6-0 ಸೋಲು. ಒಂದು ಗೇಮ್ ಕೂಡ ದಕ್ಕಲಿಲ್ಲ. ಆದರೂ ಅಂಕಣದಲ್ಲಿ ನಿಂತು ಸ್ವಿಯಾಟೆಕ್ ಅವರನ್ನು ಮನಸಾರೆ ಹೊಗಳಿದರು. ತಮ್ಮನ್ನು ನೋಡಲು ಅಂದೇ ವಿಮಾನದಲ್ಲಿ ಬಂದಿಳಿದ ತಾಯಿಗೆ ಅಳುತ್ತಲೇ ಕೃತಜ್ಞತೆ ಹೇಳಿದರು. ಎರಡು ತಿಂಗಳೊಳಗೆ ಅಮೆರಿಕ ಓಪನ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಸ್ವಿಯಾಟೆಕ್ ಅವರನ್ನು ಮಣಿಸಿದರು.

ಅಳು ನೋವಿನ ಗುರುತು. ನೋವು ಪ್ರಯತ್ನದ ಗುರುತು. ಅದು ಎದುರಾಳಿಯ ಗೆಲುವನ್ನು ಚಿಕ್ಕದು ಮಾಡುವುದಿಲ್ಲ. ಚಿಕ್ಕದು ಮಾಡುವುದು ನೆವ.

ಬಾಯಿ ತಪ್ಪುವ ಹೊತ್ತು

ನೆವಗಳಿಗೆ ಇಂದು ದೊಡ್ಡ ವೇದಿಕೆ ಪಂದ್ಯದ ನಂತರದ ಪತ್ರಿಕಾಗೋಷ್ಠಿ. ಅದಕ್ಕೆ ಹಾಜರಾಗುವುದು ಆಟಗಾರರ ಕರ್ತವ್ಯ, ತಪ್ಪಿಸಿಕೊಂಡರೆ ದಂಡ. 2021ರ ಫ್ರೆಂಚ್ ಓಪನ್‌ನಲ್ಲಿ ಮಾನಸಿಕ ಆರೋಗ್ಯದ ಕಾರಣ ನೀಡಿ ಇದರಿಂದ ದೂರ ಉಳಿದ ಒಸಾಕಾ ಅವರಿಗೆ 15 ಸಾವಿರ ಡಾಲರ್ ದಂಡ ಬಿತ್ತು. ಅವರು ಟೂರ್ನಿಯಿಂದಲೇ ಹಿಂದೆ ಸರಿದರು. ಗಾಯ ಹಸಿಯಾಗಿರುವಾಗಲೇ ಮಾತನಾಡಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಅಂದಿನಿಂದ ಬಲವಾಗಿ ಎದ್ದಿದೆ.

2025ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಕೋಕೊ ಗಾಫ್ ಅವರಿಗೆ ಸೋತ ಅರೈನಾ ಸಬಲೆಂಕಾ, ಎದುರಾಳಿಯ ಆಟಕ್ಕಿಂತ ತಮ್ಮ ತಪ್ಪುಗಳೇ ಫಲಿತಾಂಶ ನಿರ್ಧರಿಸಿದವೆಂಬರ್ಥದ ಮಾತಾಡಿದರು. ಟೀಕೆ ಬಂತು. ಮಾತು ಪೂರ್ತಿ ಸುಳ್ಳೇನಲ್ಲ; ತಪ್ಪುಗಳು ಬಹಳ ಇದ್ದವು. ಆದರೆ ಗಾಳಿ ಬೀಸುತ್ತಿದ್ದುದು ಇಬ್ಬರಿಗೂ. ತಪ್ಪು ಮಾಡುವಂತೆ ಎದುರಾಳಿಯನ್ನು ಒತ್ತುವುದೂ ಆಟದ ಒಂದು ಕಲೆಯೇ. ಬಳಿಕ ಸಬಲೆಂಕಾ ತಮ್ಮ ಮಾತು ಸರಿಯಿರಲಿಲ್ಲವೆಂದು ಒಪ್ಪಿ ಗಾಫ್ ಅವರಿಗೆ ಬರೆದು ತಿಳಿಸಿದರು. ಕೆಲವೇ ವಾರಗಳಲ್ಲಿ ವಿಂಬಲ್ಡನ್ ಅಂಗಳದಲ್ಲಿ ಇಬ್ಬರೂ ಒಟ್ಟಿಗೆ ಕುಣಿದು ಜಗಳಕ್ಕೆ ಮಂಗಳ ಹಾಡಿದರು.

ಸೋತವರ ಮಾತು ಇನ್ನೂ ದೂರ ತಲುಪಿದ್ದೂ ಉಂಟು. 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೋಡಿ ಬ್ರಯಾನ್ ಸೋದರರ ವಿರುದ್ಧ 7-6, 7-6ರಿಂದ ಸೋತಿತು. ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಜೊತೆಯಾಗಿ ಕುಳಿತು ಆಟ ನೋಡಿದ್ದರು. ಸೋತವರ ಪಾಲಿನ ಆ ಒಂದೆರಡು ನಿಮಿಷಗಳಲ್ಲಿ ಖುರೇಷಿ ತಮ್ಮ ನಾಡಿನ ಜನ ಶಾಂತಿ ಬಯಸುವವರೆಂದು ಹೇಳಿದಾಗ ಕ್ರೀಡಾಂಗಣ ಚಪ್ಪಾಳೆಯಿಂದ ತುಂಬಿತು.

ಯಂತ್ರ ನೋಡದ ಜಾಗ

ಸೋಲನ್ನು ಒಪ್ಪುವುದು ಒಂದು ಹಂತ. ಕೈಗೆ ಬಂದ ಗೆಲುವನ್ನು ನ್ಯಾಯವಾದುದಲ್ಲವೆಂದು ಬಿಟ್ಟುಕೊಡುವುದು ಇನ್ನೂ ಮೇಲಿನದು. 1982ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ 17 ವರ್ಷದ ಮ್ಯಾಟ್ಸ್ ವಿಲಾಂಡರ್ ಅವರ ಮ್ಯಾಚ್ ಪಾಯಿಂಟ್‌ನಲ್ಲಿ ಹೋಸೆ ಲೂಯಿಸ್ ಕ್ಲರ್ಕ್ ಹೊಡೆದ ಚೆಂಡು ಹೊರಗೆ ಬಿತ್ತೆಂದು ತೀರ್ಪಾಯಿತು. ಅಂಪೈರ್ ಪಂದ್ಯ ಮುಗಿದದ್ದನ್ನೂ ಸಾರಿದರು. ಚೆಂಡು ಒಳಗಿತ್ತು, ಪಾಯಿಂಟ್ ಮತ್ತೆ ಆಡಿಸಿ ಎಂದರು ವಿಲಾಂಡರ್. ಆಡಿದರು, ಗೆದ್ದರು, ಪ್ರಶಸ್ತಿಯನ್ನೂ ಪಡೆದರು.

ಅಮೆರಿಕದ ಆಂಡಿ ರಾಡಿಕ್ ಅವರಿಗೆ ಆ ಅದೃಷ್ಟ ಇರಲಿಲ್ಲ. 2005ರ ರೋಮ್ ಟೂರ್ನಿಯಲ್ಲಿ ಮ್ಯಾಚ್ ಪಾಯಿಂಟ್‌ನಲ್ಲಿ ಸ್ಪೇನಿನ ಫರ್ನಾಂಡೊ ವರ್ಡಾಸ್ಕೊ ಅವರ ಎರಡನೆಯ ಸರ್ವ್ ಹೊರಗೆಂದು ಕೂಗಲಾಯಿತು. ಪಂದ್ಯ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ರಾಡಿಕ್ ಮಣ್ಣಿನ ಮೇಲಿದ್ದ ಗುರುತನ್ನು ತೋರಿಸಿ ಚೆಂಡು ಗೆರೆಗೆ ತಗುಲಿದೆಯೆಂದರು. ಆಟ ಮುಂದುವರಿಯಿತು, ಕೊನೆಗೆ ರಾಡಿಕ್ ಸೋತರು.

ಇಂಥ ಅವಕಾಶಗಳು ಈಗ ವಿರಳ. 2006ರಲ್ಲಿ ಅಮೆರಿಕ ಓಪನ್‌ಗೆ ಬಂದ ‘ಹಾಕ್ ಐ’ ತಂತ್ರ ಗೆರೆಯ ವಾದಗಳನ್ನು ಬಹುಪಾಲು ಬಗೆಹರಿಸಿತು. 2025ರಲ್ಲಿ ವಿಂಬಲ್ಡನ್ ಕೂಡ ಗೆರೆಯ ತೀರ್ಪುಗಾರರನ್ನು ಕೈಬಿಟ್ಟು ಯಂತ್ರಕ್ಕೆ ಆ ಕೆಲಸ ಒಪ್ಪಿಸಿತು. ಜಗಳ ತಗ್ಗಿತು, ಜೊತೆಗೆ, ತನಗೆ ನಷ್ಟವಾದರೂ ನಿಜ ಹೇಳುವ ಸಂದರ್ಭವೂ ತಗ್ಗಿತು. ಆದರೂ ಯಂತ್ರ ಕಾಣದ ಮೂಲೆಗಳು ಉಳಿದಿವೆ. 2023ರ ಅಮೆರಿಕ ಓಪನ್ ಡಬಲ್ಸ್ ಫೈನಲ್‌ನ ನಿರ್ಣಾಯಕ ಮೂರನೆಯ ಸೆಟ್‌ನಲ್ಲಿ, ಜೊತೆಗಾರ ಮ್ಯಾಥ್ಯೂ ಎಬ್ಡೆನ್ ಹೊಡೆದ ಚೆಂಡು ತಮ್ಮ ತೋಳಿಗೆ ಸವರಿತೆಂದು ಬೋಪಣ್ಣ ತಾವಾಗಿ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಆಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಒಂದೂ ಗ್ರ್ಯಾಂಡ್ ಸ್ಲಾಂ ಗೆದ್ದಿರಲಿಲ್ಲ. ಫೈನಲ್ ಕೈತಪ್ಪಿತು. ಕ್ರಾಮ್ ರಾಕೆಟ್ಟಿಗೆ ಚೆಂಡು ಸವರಿ ಆಗಲೇ 88 ವರ್ಷ ಕಳೆದಿತ್ತು.

ಮರುವರ್ಷ ಬೋಪಣ್ಣ ಆಸ್ಟ್ರೇಲಿಯಾದಲ್ಲಿ ಗೆದ್ದರೆಂಬುದು ಸಂತಸದ ಸಂಗತಿ. ಆದರೆ ಒಳ್ಳೆಯತನಕ್ಕೆ ಫಲ ಸಿಕ್ಕೇ ಸಿಗುತ್ತದೆಂದು ಇದರಿಂದ ಹೇಳಲಾಗದು. ಕ್ರಾಮ್ ವಿಂಬಲ್ಡನ್ ಗೆಲ್ಲಲೇ ಇಲ್ಲ. ರಾಡಿಕ್ ಕೂಡ ಗೆಲ್ಲಲಿಲ್ಲ. 2009ರ ಫೈನಲ್‌ನಲ್ಲಿ ರಾಡಿಕ್ ಅವರ ಸರ್ವ್ ಮುರಿಯಲು ಫೆಡರರ್ ಅವರಿಗೆ ಸಾಧ್ಯವಾದದ್ದು ಒಂದೇ ಒಂದು ಬಾರಿ, ಅದೂ ಕಟ್ಟಕಡೆಯ ಗೇಮ್‌ನಲ್ಲಿ. ಐದನೆಯ ಸೆಟ್ 16-14. ಪೀಟ್ ಸಾಂಪ್ರಾಸ್ ಅವರ 14 ಗ್ರ್ಯಾಂಡ್ ಸ್ಲಾಂಗಳ ದಾಖಲೆಯನ್ನು ಫೆಡರರ್ ಮುರಿದದ್ದು ಅಂದೇ. ಸಾಂಪ್ರಾಸ್ ಸ್ವತಃ ಅಲ್ಲಿ ಕುಳಿತಿದ್ದರು. ಸೋತು ಸುಣ್ಣವಾಗಿದ್ದ ರಾಡಿಕ್ ಧ್ವನಿವರ್ಧಕ ಹಿಡಿದು, ತಡೆಯಲು ಯತ್ನಿಸಿದೆ, ಆಗಲಿಲ್ಲವೆಂದು ಸಾಂಪ್ರಾಸ್ ಅವರ ಕ್ಷಮೆ ಕೇಳಿದರು. ಇಡೀ ಸೆಂಟರ್ ಕೋರ್ಟ್ ನಕ್ಕಿತು.

ವಿಂಬಲ್ಡನ್ನಿನ ಬಟ್ಟಲಿನ ಮೇಲೆ ಕೆತ್ತುವುದು ಗೆದ್ದವರ ಹೆಸರನ್ನು ಮಾತ್ರ. 2009ರ ಎದುರಿಗಿರುವುದು ಫೆಡರರ್ ಅವರ ಹೆಸರು. ಆ ಗೆಲುವು ಎಷ್ಟು ದೊಡ್ಡದೆಂದು ತಿಳಿಯಬೇಕಾದವರು, ಬಟ್ಟಲಿನಲ್ಲಿ ಹೆಸರಿಲ್ಲದ ರಾಡಿಕ್ ಅವರನ್ನೇ ನೆನೆಯಬೇಕು.